ಮರಳಿನಲ್ಲಿ ಮಲಗುವ ಮೀನು: ಸ್ಯಾಂಡ್ ಈಲ್ ಮತ್ತು ಕಡಲಿನ ಆಹಾರ ಸರಪಳಿ



ದ್ವಿತೀಯ ಪಿಯುಸಿ ಜೀವಶಾಸ್ತ್ರದಲ್ಲಿ ‘ಪರಿಸರ ವ್ಯವಸ್ಥೆ’ ಎಂಬ ಪಾಠವಿದೆ. ಆಹಾರ ಸರಪಳಿ, ಪೋಷಣಾ ಸ್ತರ, ಶೇಕಡಾ 10ರ ನಿಯಮ, ಪಿರಮಿಡ್ ಇವನ್ನೆಲ್ಲ ನೀವು ಚೆನ್ನಾಗಿಯೇ ಓದಿ ಪರೀಕ್ಷೆಯಲ್ಲಿ ಬರೆಯುತ್ತೀರಿ, ಅಂಕವೂ ಬರುತ್ತದೆ. ಆದರೆ ತರಗತಿಯಲ್ಲಿ ನಾನು ಒಂದು ಉದಾಹರಣೆ ಕೇಳಿದರೆ ಪ್ರತಿ ವರ್ಷವೂ ಬರುವ ಉತ್ತರ ಒಂದೇ: ಹುಲ್ಲು, ಮಿಡತೆ, ಕಪ್ಪೆ, ಹಾವು, ಹದ್ದು. ಕಡಲಿನಿಂದ ಒಂದು ಸರಪಳಿ ಹೇಳಿ ಎಂದರೆ ತರಗತಿ ಮೌನವಾಗುತ್ತದೆ. ಮನೆಯಲ್ಲಿ ದಿನವೂ ಮೀನಿನ ಸಾರು ಉಣ್ಣುವವರು, ತಂದೆಯೋ ಅಣ್ಣನೋ ಬೋಟಿಗೆ ಹೋಗುವವರು ಕೂಡ ಸುಮ್ಮನೆ ಕುಳಿತಿರುತ್ತಾರೆ.

ಆದ್ದರಿಂದ ಈ ಸಂಚಿಕೆಗೆ ನಾನು ಕಡಲಿನ ಒಂದು ಮೀನನ್ನೇ ಆರಿಸಿಕೊಂಡಿದ್ದೇನೆ. ಇದು ನಮ್ಮ ಕಡಲಿನದ್ದಲ್ಲ, ಯುರೋಪಿನ ಉತ್ತರ ಸಮುದ್ರದ್ದು. ಉದ್ದ ಹೆಚ್ಚೆಂದರೆ ನಿಮ್ಮ ಸ್ಕೇಲಿಗಿಂತ ಸ್ವಲ್ಪ ಕಡಿಮೆ. ವರ್ಷದ ಬಹುಭಾಗ ಮರಳಿನೊಳಗೆ ಹೂತುಕೊಂಡು ಮಲಗಿರುತ್ತದೆ. ಬ್ರಿಟನ್ನಿನ ಊಟದ ಮೇಜಿನ ಮೇಲೆ ಅದನ್ನು ಕಾಣುವುದು ಅಪರೂಪ. ಹಾಗಿದ್ದರೂ ಈ ಮೀನಿಗಾಗಿ ಬ್ರಿಟನ್ ಮತ್ತು ಐರೋಪ್ಯ ಒಕ್ಕೂಟ ಅಂತರರಾಷ್ಟ್ರೀಯ ಮಧ್ಯಸ್ಥಿಕೆಯ ಮೆಟ್ಟಿಲು ಹತ್ತಿದವು. ಯಾಕೆ ಎಂಬುದನ್ನು ತಿಳಿದರೆ ಪಠ್ಯಪುಸ್ತಕದ ಪಿರಮಿಡ್ ಕೂಡ ನಿಮಗೆ ಬೇರೆಯಾಗಿ ಕಾಣುತ್ತದೆ.

ಹೆಸರು ಮತ್ತು ಮೈಕಟ್ಟು

ಈ ಮೀನನ್ನು ಬ್ರಿಟನ್ನಿನಲ್ಲಿ ಸ್ಯಾಂಡ್ ಈಲ್ ಎನ್ನುತ್ತಾರೆ, ಅಮೆರಿಕದಲ್ಲಿ ಸ್ಯಾಂಡ್ ಲ್ಯಾನ್ಸ್ ಎನ್ನುತ್ತಾರೆ. ಲ್ಯಾನ್ಸ್ ಎಂದರೆ ಈಟಿ. ‘ಈಲ್’ ಎಂಬ ಹೆಸರಿದ್ದರೂ ಇದು ಹಾವು ಮೀನಿನ ಜಾತಿಗೆ ಸೇರಿದ್ದಲ್ಲ. ಉದ್ದನೆಯ ತೆಳ್ಳಗಿನ ಮೈ ನೋಡಿ ಜನ ಹಾಗೆ ಕರೆದಿದ್ದಾರೆ, ಅಷ್ಟೇ. ಇದರ ಕುಟುಂಬದ ಹೆಸರು ಅಮ್ಮೊಡೈಟಿಡೆ. ಉತ್ತರ ಸಮುದ್ರದಲ್ಲಿ ಅತಿ ಹೆಚ್ಚು ಸಿಗುವ ಜಾತಿ ಅಮ್ಮೊಡೈಟೀಸ್ ಮೆರೈನಸ್. ಗ್ರೀಕ್ ಭಾಷೆಯಲ್ಲಿ ‘ಅಮ್ಮೊಸ್’ ಎಂದರೆ ಮರಳು, ‘ಡೈಟೀಸ್’ ಎಂದರೆ ಮುಳುಗುವವನು. ಮರಳಿನಲ್ಲಿ ಮುಳುಗುವವನು ಎಂಬ ಈ ಹೆಸರಿನಲ್ಲೇ ಮೀನಿನ ಅರ್ಧ ಕಥೆ ಇದೆ.

ರಚನೆ ಮತ್ತು ಕಾರ್ಯದ ಸಂಬಂಧವನ್ನು ನಾವು ಪ್ರತಿ ಪಾಠದಲ್ಲೂ ಹೇಳುತ್ತೇವೆ. ಈ ಮೀನಿನಲ್ಲಿ ಅದನ್ನು ನೋಡಿ. ಕೆಳದವಡೆ ಮೇಲ್ದವಡೆಗಿಂತ ಮುಂದಕ್ಕೆ ಚಾಚಿ ಚೂಪಾಗಿದೆ. ಮರಳಿಗೆ ನುಗ್ಗುವಾಗ ಅದೇ ಮೊದಲು ಹೋಗುತ್ತದೆ, ಅನಂತರ ಇಡೀ ಮೈ ಅಲೆಯಂತೆ ಬಳುಕುತ್ತ ಕ್ಷಣಮಾತ್ರದಲ್ಲಿ ಕಾಣೆಯಾಗುತ್ತದೆ. ಹೊಟ್ಟೆಯ ಕೆಳಗಿನ ಜೋಡಿ ಈಜುರೆಕ್ಕೆಗಳು ಇದಕ್ಕೆ ಇಲ್ಲ. ಮರಳಿನಲ್ಲಿ ಸಿಕ್ಕಿಕೊಳ್ಳುವಂಥದ್ದೇನೂ ಮೈಮೇಲೆ ಇಲ್ಲ ಎನ್ನಬಹುದು.

ಇನ್ನೊಂದು ಮುಖ್ಯ ಸಂಗತಿ ಇದೆ. ಬಹುಪಾಲು ಮೂಳೆ ಮೀನುಗಳಿಗೆ ಹೊಟ್ಟೆಯೊಳಗೆ ಗಾಳಿ ಚೀಲವಿರುತ್ತದೆ, ಅದರಿಂದ ಅವು ಈಜದೆಯೂ ನೀರಿನ ನಡುವೆ ನಿಲ್ಲಬಲ್ಲವು ಎಂದು ಪ್ರಥಮ ಪಿಯುಸಿಯ ಪ್ರಾಣಿ ವರ್ಗೀಕರಣದಲ್ಲಿ ಓದಿದ್ದೀರಿ. ಸ್ಯಾಂಡ್ ಈಲ್ ಮೂಳೆ ಮೀನೇ ಆದರೂ ಅದಕ್ಕೆ ಗಾಳಿ ಚೀಲವಿಲ್ಲ. ಈಜುವುದು ನಿಲ್ಲಿಸಿದರೆ ಕೆಳಕ್ಕೆ ಇಳಿಯುತ್ತದೆ. ನೀರಿನಲ್ಲಿ ಇರುವಷ್ಟು ಹೊತ್ತೂ ಅದಕ್ಕೆ ಶಕ್ತಿ ಖರ್ಚಾಗುತ್ತಲೇ ಇರುತ್ತದೆ. ಆದ್ದರಿಂದ ಹೊಟ್ಟೆ ತುಂಬಿದ ಮೇಲೆ ನೀರಿನಲ್ಲಿ ಸುಮ್ಮನೆ ಸುತ್ತುವುದಕ್ಕಿಂತ ಮರಳಿನಲ್ಲಿ ಮಲಗುವುದೇ ಅದಕ್ಕೆ ಲಾಭ. ಶತ್ರುವಿನಿಂದ ರಕ್ಷಣೆ, ಶಕ್ತಿಯ ಉಳಿತಾಯ ಎರಡೂ ಒಂದೇ ಜಾಗದಲ್ಲಿ ಸಿಗುತ್ತವೆ.

ಮರಳೇ ಮನೆ

ಏಡಿ ಕೊರೆಯುವಂತೆ ಸ್ಯಾಂಡ್ ಈಲ್ ಬಿಲ ಕೊರೆಯುವುದಿಲ್ಲ. ಮರಳಿನ ಕಣಗಳ ನಡುವೆಯೇ ಮೈಯನ್ನು ಹುದುಗಿಸುತ್ತದೆ. ಹಾಗಾದರೆ ಉಸಿರಾಟ ಹೇಗೆ ಎಂಬ ಪ್ರಶ್ನೆ ಬರಬೇಕು. ಮರಳಿನ ಕಣಗಳ ನಡುವೆ ಇರುವ ನೀರೇ ಅದಕ್ಕೆ ಆಧಾರ. ಆ ನೀರಿನಲ್ಲಿ ಕರಗಿದ ಆಮ್ಲಜನಕವನ್ನು ಕಿವಿರುಗಳು ಹೀರಿಕೊಳ್ಳುತ್ತವೆ.

ಇಲ್ಲಿಂದಲೇ ಈ ಮೀನಿನ ದೊಡ್ಡ ಕಷ್ಟ ಆರಂಭವಾಗುತ್ತದೆ. ಎಲ್ಲ ಮರಳೂ ಅದಕ್ಕೆ ಆಗುವುದಿಲ್ಲ. ಮರಳು ಒರಟಾಗಿದ್ದರೆ ಕಣಗಳ ನಡುವೆ ಜಾಗವಿರುತ್ತದೆ, ನೀರು ಹರಿದಾಡುತ್ತದೆ. ಸಣ್ಣ ಹೂಳು ಬೆರೆತರೆ ಆ ಜಾಗ ಮುಚ್ಚಿಹೋಗಿ ಆಮ್ಲಜನಕ ಕಡಿಮೆಯಾಗುತ್ತದೆ, ಕಿವಿರುಗಳಿಗೂ ಹೂಳು ಕಟ್ಟುತ್ತದೆ. ಒಂದು ಲೋಟದಲ್ಲಿ ಹೊಳೆಯ ದಪ್ಪ ಮರಳನ್ನೂ ಇನ್ನೊಂದರಲ್ಲಿ ಗದ್ದೆಯ ಕೆಸರನ್ನೂ ಹಾಕಿ ಮೇಲಿನಿಂದ ನೀರು ಹೊಯ್ದು ನೋಡಿ. ಯಾವುದರಲ್ಲಿ ನೀರು ಬೇಗ ಇಳಿಯುತ್ತದೆಯೋ ಅದೇ ಸ್ಯಾಂಡ್ ಈಲ್ ಆರಿಸಿಕೊಳ್ಳುವ ಮನೆ. ಹಾಗಾಗಿ ಅದು ಇಡೀ ಉತ್ತರ ಸಮುದ್ರದಲ್ಲಿ ಹರಡಿಕೊಂಡಿಲ್ಲ. ಅಲ್ಲಲ್ಲಿ ಇರುವ ಮರಳು ದಿಬ್ಬಗಳಲ್ಲಿ ಮಾತ್ರ ಗುಂಪುಗುಂಪಾಗಿ ನೆಲೆಸಿದೆ.

ಇಂಥ ದಿಬ್ಬಗಳಲ್ಲಿ ಬಹಳ ಪ್ರಸಿದ್ಧವಾದದ್ದು ಇಂಗ್ಲೆಂಡಿನ ಪೂರ್ವಕ್ಕಿರುವ ಡಾಗರ್ ಬ್ಯಾಂಕ್. ಹಿಮಯುಗ ಮುಗಿಯುತ್ತಿದ್ದ ಕಾಲದಲ್ಲಿ ಅದು ನೆಲವಾಗಿತ್ತು, ಅಲ್ಲಿ ಮನುಷ್ಯರೂ ಪ್ರಾಣಿಗಳೂ ಓಡಾಡುತ್ತಿದ್ದರು. ಹಿಮ ಕರಗಿ ಕಡಲಿನ ಮಟ್ಟ ಏರಿದಾಗ, ಸುಮಾರು 8,000 ವರ್ಷಗಳ ಹಿಂದೆ, ಅದು ಮುಳುಗಿತು. ಇಂದು ಅದರ ಮೇಲಿನ ನೀರು ಅಷ್ಟೇನೂ ಆಳವಿಲ್ಲ. ಮುಳುಗಿದ ಆ ನಾಡಿನ ಮರಳಿನಲ್ಲಿ ಈಗ ಸ್ಯಾಂಡ್ ಈಲ್‌ಗಳು ಮಲಗುತ್ತವೆ.

ಈ ಮೀನಿನ ವರ್ಷದ ದಿನಚರಿಯೂ ವಿಶೇಷವಾದದ್ದು. ಏಪ್ರಿಲ್‌ನಿಂದ ಜುಲೈವರೆಗೆ, ಬೆಳಕು ಮತ್ತು ಆಹಾರ ಎರಡೂ ಹೇರಳವಾಗಿರುವ ತಿಂಗಳುಗಳಲ್ಲಿ, ಹಗಲು ಮರಳಿನಿಂದ ಎದ್ದು ಬಂದು ದೊಡ್ಡ ಗುಂಪುಗಳಲ್ಲಿ ಮೇಯುತ್ತದೆ. ಕತ್ತಲಾದಾಗ ಮತ್ತೆ ಮರಳಿಗೆ ಇಳಿಯುತ್ತದೆ. ಬೇಸಿಗೆ ಕಳೆಯುತ್ತಿದ್ದಂತೆ ಮೈಯಲ್ಲಿ ಸಾಕಷ್ಟು ಕೊಬ್ಬು ಕೂಡಿಸಿಕೊಂಡು ಮರಳಿನೊಳಗೆ ಹೋದರೆ ಮುಂದಿನ ವಸಂತದವರೆಗೆ ಹೊರಗೆ ಬರುವುದಿಲ್ಲ. ನಡುವೆ, ಡಿಸೆಂಬರ್-ಜನವರಿಯ ಕೊರೆಯುವ ಚಳಿಯಲ್ಲಿ, ಮೊಟ್ಟೆ ಇಡುವುದಕ್ಕೆ ಮಾತ್ರ ಸ್ವಲ್ಪ ಕಾಲ ಮೇಲೇಳುತ್ತದೆ. ಮೊಟ್ಟೆಗಳು ಮರಳಿನ ಕಣಗಳಿಗೆ ಅಂಟಿಕೊಳ್ಳುತ್ತವೆ. ಮರಿಗಳು ಪ್ರವಾಹದಲ್ಲಿ ತೇಲಿ, ಬೆಳೆದು, ಕೊನೆಗೆ ಯಾವುದಾದರೂ ಮರಳು ದಿಬ್ಬಕ್ಕೆ ಬಂದು ನೆಲೆಸುತ್ತವೆ. ಒಮ್ಮೆ ನೆಲೆಸಿದ ಮೇಲೆ ಹೆಚ್ಚು ದೂರ ಹೋಗುವುದಿಲ್ಲ.

ಇದೇ ಕುಟುಂಬದ ಜಪಾನಿನ ಮೀನು ಇದಕ್ಕೆ ವಿರುದ್ಧವಾಗಿ ನಡೆದುಕೊಳ್ಳುತ್ತದೆ. ಅಲ್ಲಿನ ಒಳನಾಡು ಕಡಲಾದ ಸೆಟೊದಲ್ಲಿ ಇರುವ ಇಕಾನಾಗೊ ಎಂಬ ಮೀನು ಬೇಸಿಗೆಯಲ್ಲಿ ನೀರು ಬಿಸಿಯಾದಾಗ ಮರಳಿಗೆ ಇಳಿದು ನಿದ್ರಿಸುತ್ತದೆ. ಚಳಿನಿದ್ರೆ, ಬೇಸಿಗೆನಿದ್ರೆ ಎಂದು ನೀವು ಓದಿದ ಎರಡೂ ಹೊಂದಾಣಿಕೆಗಳು ಒಂದೇ ಕುಟುಂಬದಲ್ಲಿ ಹೀಗೆ ಕಾಣಸಿಗುತ್ತವೆ. ಇಕಾನಾಗೊ ಮರಿಗಳನ್ನು ಸೋಯಾ ಸಾಸ್ ಮತ್ತು ಸಕ್ಕರೆಯಲ್ಲಿ ಕುದಿಸಿ ಮಾಡುವ ಖಾದ್ಯ ಹ್ಯೋಗೊ ಪ್ರಾಂತ್ಯದಲ್ಲಿ ವಸಂತದ ವಿಶೇಷ. ಬಾಗಿದ ಮೀನುಗಳು ತುಕ್ಕು ಹಿಡಿದ ಮೊಳೆಯಂತೆ ಕಾಣುವುದರಿಂದ ಅದರ ಹೆಸರಿನಲ್ಲೇ ಮೊಳೆ ಸೇರಿಕೊಂಡಿದೆ.

ಸರಪಳಿಯ ನಡುವಿನ ಕೊಂಡಿ

ಈಗ ಪಾಠದ ಮುಖ್ಯ ಭಾಗಕ್ಕೆ ಬರೋಣ. ಕಡಲಿನಲ್ಲಿ ಹುಲ್ಲಿನ ಕೆಲಸ ಮಾಡುವುದು ಸಸ್ಯಪ್ಲವಕ, ಅಂದರೆ ಕಣ್ಣಿಗೆ ಕಾಣದ ತೇಲುವ ಪಾಚಿಗಳು. ಅದನ್ನು ಮೇಯುವುದು ಪ್ರಾಣಿಪ್ಲವಕ. ಅದರಲ್ಲಿ ಅಕ್ಕಿ ಕಾಳಿಗಿಂತ ಚಿಕ್ಕದಾದ ಕೋಪೆಪಾಡ್ ಎಂಬ ಸಂಧಿಪದಿ ಬಹಳ ಮುಖ್ಯ. ಉತ್ತರದ ಕಡಲುಗಳಲ್ಲಿ ಕ್ಯಾಲನಸ್ ಎಂಬ ಕೋಪೆಪಾಡ್ ತನ್ನ ಪುಟ್ಟ ಮೈಯಲ್ಲಿ ಎಣ್ಣೆಯನ್ನು ತುಂಬಿಕೊಂಡಿರುತ್ತದೆ. ಸ್ಯಾಂಡ್ ಈಲ್‌ಗೆ ಇದೇ ಪ್ರಿಯವಾದ ಆಹಾರ.

ಒಂದು ಹಕ್ಕಿ ಕೋಪೆಪಾಡ್‌ಗಳನ್ನು ಒಂದೊಂದಾಗಿ ಹೆಕ್ಕಿ ಮರಿಯನ್ನು ಸಾಕಲು ಆದೀತೇ? ಕಾಡ್ ಎಂಬ ದೊಡ್ಡ ಮೀನು ಅವುಗಳಿಂದ ಹೊಟ್ಟೆ ತುಂಬಿಸಿಕೊಂಡೀತೇ? ಆಗುವುದಿಲ್ಲ. ಸಾಸಿವೆ ಕಾಳಿನಂತೆ ಚೆಲ್ಲಿಹೋದ ಆ ಎಣ್ಣೆಯನ್ನು ಯಾರಾದರೂ ಒಟ್ಟುಗೂಡಿಸಿ ಒಂದು ತುತ್ತಿನ ಗಾತ್ರಕ್ಕೆ ತರಬೇಕು. ಸ್ಯಾಂಡ್ ಈಲ್ ಮಾಡುವುದು ಈ ಕೆಲಸವನ್ನೇ. ಸಾವಿರಾರು ಕೋಪೆಪಾಡ್‌ಗಳು ಅದರ ಮೈಯಲ್ಲಿ ಒಂದು ಕೊಬ್ಬಿನ ತುತ್ತಾಗುತ್ತವೆ. ಇಂಥ ಮೀನುಗಳನ್ನು ಮೇವು ಮೀನುಗಳು ಎನ್ನುತ್ತೇವೆ. ಹೆರಿಂಗ್, ಆಂಚೊವಿ, ನಮ್ಮ ಬೂತಾಯಿ ಎಲ್ಲವೂ ಈ ಗುಂಪಿನವೇ.

ಶೇಕಡಾ 10ರ ನಿಯಮವನ್ನು ಇಲ್ಲಿ ಹಾಕಿ ನೋಡಿ. ರೇಮಂಡ್ ಲಿಂಡೆಮನ್ 1942ರಲ್ಲಿ ಪ್ರಕಟಿಸಿದ ಚಿಂತನೆಯಿಂದ ಬೆಳೆದು ಬಂದ ನಿಯಮ ಇದು. ಲೆಕ್ಕಕ್ಕಾಗಿ 1,000 ಕಿಲೋ ಪ್ರಾಣಿಪ್ಲವಕ ಇದೆ ಎಂದುಕೊಳ್ಳಿ. ಅದರಿಂದ ಸುಮಾರು 100 ಕಿಲೋ ಸ್ಯಾಂಡ್ ಈಲ್ ಬೆಳೆಯುತ್ತದೆ. ಆ 100 ಕಿಲೋದಿಂದ 10 ಕಿಲೋ ಹಕ್ಕಿಯೋ ಕಾಡ್ ಮೀನೋ ಬೆಳೆಯುತ್ತದೆ. ಹೀಗಿರುವಾಗ ನಡುವಿನ 100 ಕಿಲೋದಲ್ಲಿ ಅರ್ಧವನ್ನು ಯಾರಾದರೂ ಎತ್ತಿಕೊಂಡು ಹೋದರೆ ಮೇಲಿನ ಸ್ತರಕ್ಕೆ ಏನಾಗುತ್ತದೆ ಎಂಬ ಲೆಕ್ಕ ನಿಮಗೆ ಬಿಟ್ಟದ್ದು. ಕಡಲಿನಲ್ಲಿ ನಡೆಯುವುದು ಇಷ್ಟು ಸರಳವಾಗಿರುವುದಿಲ್ಲ, ಆದರೆ ಲೆಕ್ಕದ ದಿಕ್ಕು ಸರಿಯಾಗಿಯೇ ಇದೆ.

ಇನ್ನೊಂದು ಮಾತು. ಕಡಲಿನಲ್ಲಿ ಜೀವರಾಶಿಯ ಪಿರಮಿಡ್ ಸಾಮಾನ್ಯವಾಗಿ ತಲೆಕೆಳಗಾಗಿರುತ್ತದೆ ಎಂದು ಪುಸ್ತಕ ಹೇಳುತ್ತದೆ. ಅಷ್ಟು ಕಡಿಮೆ ಸಸ್ಯಪ್ಲವಕ ಅಷ್ಟು ಮೀನನ್ನು ಹೇಗೆ ಸಾಕುತ್ತದೆ ಎಂದು ಹಲವರು ನನ್ನನ್ನು ಕೇಳಿದ್ದಾರೆ. ಬಸ್ ಸ್ಟ್ಯಾಂಡಿನ ಚಹಾದ ಅಂಗಡಿಯನ್ನು ನೆನಪಿಸಿಕೊಳ್ಳಿ. ಒಲೆಯ ಮೇಲಿನ ಪಾತ್ರೆ ಚಿಕ್ಕದು. ಯಾವ ಹೊತ್ತಿಗೆ ಇಣುಕಿದರೂ ಅದರಲ್ಲಿ ಹತ್ತು ಲೋಟ ಚಹಾ ಇರಬಹುದು. ಆದರೆ ದಿನವಿಡೀ ಕುದಿಯುತ್ತಲೇ ಇರುವುದರಿಂದ ಸಂಜೆಯ ಹೊತ್ತಿಗೆ ನೂರಾರು ಜನ ಕುಡಿದಿರುತ್ತಾರೆ. ಸಸ್ಯಪ್ಲವಕವೂ ಹಾಗೆಯೇ. ಯಾವುದೇ ಕ್ಷಣದಲ್ಲಿ ಅಳೆದರೆ ಕಡಿಮೆ, ಆದರೆ ದಿನಗಳಲ್ಲೇ ಇಮ್ಮಡಿಯಾಗುತ್ತ ಹೋಗುತ್ತದೆ. ಅದಕ್ಕೇ ಶಕ್ತಿಯ ಪಿರಮಿಡ್ ಮಾತ್ರ ಎಂದೂ ತಲೆಕೆಳಗಾಗುವುದಿಲ್ಲ.

ಈ ಮೀನನ್ನು ನಂಬಿದವರು

ಅಮೆರಿಕದ ವಿಜ್ಞಾನಿಗಳ ತಂಡವೊಂದು 2020ರಲ್ಲಿ ವಾಯವ್ಯ ಅಟ್ಲಾಂಟಿಕ್‌ನಲ್ಲಿ ಸ್ಯಾಂಡ್ ಲ್ಯಾನ್ಸ್ ತಿನ್ನುವ ಪ್ರಾಣಿಗಳನ್ನು ಪಟ್ಟಿ ಮಾಡಿತು. ಒಟ್ಟು 72 ಜಾತಿಗಳು ಸಿಕ್ಕವು: 45 ಬಗೆಯ ಮೀನು, 16 ಕಡಲ ಹಕ್ಕಿ, 9 ಸಸ್ತನಿ, 2 ಸ್ಕ್ವಿಡ್. ಒಂದೇ ಕೊಂಡಿಗೆ 72 ದಾರ ಕಟ್ಟಿದಂತೆ. ನಾವು ಕಪ್ಪು ಹಲಗೆಯ ಮೇಲೆ ಬಿಡಿಸುವ ನೇರ ಸರಪಳಿ ಕಡಲಿನಲ್ಲಿ ಜಾಲವಾಗುವುದು ಹೀಗೆ.

ಆ ಪಟ್ಟಿಯಲ್ಲಿ ಅತಿ ದೊಡ್ಡ ಪ್ರಾಣಿಗಳೂ ಇವೆ. ಅಮೆರಿಕದ ಮ್ಯಾಸಚೂಸೆಟ್ಸ್ ತೀರದಾಚೆ ಸ್ಟೆಲ್ವೇಗನ್ ಬ್ಯಾಂಕ್ ಎಂಬ ಮರಳು ದಿಬ್ಬವಿದೆ. 1992ರಿಂದ ಅದು ರಾಷ್ಟ್ರೀಯ ಸಂರಕ್ಷಿತ ಕಡಲು. ಬೇಸಿಗೆಯಲ್ಲಿ ಹಂಪ್‌ಬ್ಯಾಕ್ ತಿಮಿಂಗಿಲಗಳು ಅಲ್ಲಿಗೆ ಬಂದು ಸ್ಯಾಂಡ್ ಲ್ಯಾನ್ಸ್ ಗುಂಪುಗಳ ಸುತ್ತ ಗಾಳಿಗುಳ್ಳೆಗಳ ಪರದೆ ಕಟ್ಟಿ, ಮೀನು ಒತ್ತಾಗಿ ಸೇರಿದಾಗ ಬಾಯ್ದೆರೆದು ಮೇಲೇಳುತ್ತವೆ. ರಾತ್ರಿ ಮೀನು ಮರಳ ತಳಕ್ಕೆ ಇಳಿದಾಗ ತಿಮಿಂಗಿಲವೂ ತಳಕ್ಕೆ ಹೋಗುತ್ತದೆ. ಬೆನ್ನಿಗೆ ಅಂಟಿಸಿದ ಉಪಕರಣಗಳಿಂದ ವಿಜ್ಞಾನಿಗಳು ಕಂಡುಕೊಂಡಂತೆ ಅದು ಪಕ್ಕಕ್ಕೆ ಹೊರಳಿ ನೆಲವನ್ನು ಸವರುವಂತೆ ಮೇಯುತ್ತದೆ. ಹತ್ತಾರು ಟನ್ ತೂಗುವ ಜೀವಿಯ ಹೊಟ್ಟೆ ತುಂಬುವುದು ಬೆರಳು ದಪ್ಪದ ಮೀನಿನಿಂದ!

ಯುರೋಪಿನಲ್ಲಿ ಈ ಮೀನನ್ನು ಹೆಚ್ಚಾಗಿ ನಂಬಿದವು ಕಡಲ ಹಕ್ಕಿಗಳು. ಬಣ್ಣದ ಕೊಕ್ಕಿನ ಪಫಿನ್ ಹಕ್ಕಿಯ ಚಿತ್ರವನ್ನು ನೀವು ನೋಡಿರಬಹುದು. ಕೊಕ್ಕಿಗೆ ಅಡ್ಡಲಾಗಿ ಸಾಲು ಮೀನು ಜೋತುಬಿದ್ದಿರುತ್ತವೆ. ಅವು ಬಹಳ ಸಲ ಸ್ಯಾಂಡ್ ಈಲ್‌ಗಳೇ. ಪಫಿನ್‌ನ ಬಾಯಿಯ ಅಂಗುಳಿನಲ್ಲಿ ಸಣ್ಣ ಮುಳ್ಳುಗಳಿವೆ. ಹಿಡಿದ ಮೀನನ್ನು ನಾಲಿಗೆಯಿಂದ ಆ ಮುಳ್ಳುಗಳಿಗೆ ಒತ್ತಿ ಹಿಡಿದು, ಮತ್ತೆ ಬಾಯಿ ತೆರೆದು ಇನ್ನೊಂದನ್ನು ಹಿಡಿಯುತ್ತದೆ. ಒಂದು ವರ್ಷಕ್ಕೆ ಒಂದೇ ಮರಿ ಸಾಕುವ ಹಕ್ಕಿಗೆ ಒಂದು ಹಾರಾಟದಲ್ಲಿ ಎಷ್ಟು ಕೊಬ್ಬು ತರುತ್ತೇನೆ ಎಂಬುದೇ ಜೀವನ್ಮರಣದ ಪ್ರಶ್ನೆ.

ಕಿಟಿವೇಕ್ ಎಂಬ ಕಡಲ ಹಕ್ಕಿಯ ಸ್ಥಿತಿ ಇನ್ನೂ ಕಷ್ಟ. ಗಿಲಿಮಾಟ್ ಹಕ್ಕಿ ಬಹಳ ಆಳಕ್ಕೆ ಮುಳುಗಿ ಮೀನು ಹಿಡಿಯಬಲ್ಲದು. ಕಿಟಿವೇಕ್‌ಗೆ ನೀರಿನ ಮೇಲ್ಪದರ ಬಿಟ್ಟರೆ ಗತಿಯಿಲ್ಲ. ಮೀನು ಮೇಲೆ ಬರದಿದ್ದರೆ ಅದರ ಮರಿ ಗೂಡಿನಲ್ಲೇ ಹಸಿದು ಸಾಯುತ್ತದೆ. ಆದ್ದರಿಂದಲೇ ಕಡಲಿನ ಒಳಗಿನ ಸ್ಥಿತಿಯನ್ನು ತಿಳಿಯಲು ವಿಜ್ಞಾನಿಗಳು ಕಿಟಿವೇಕ್ ಗೂಡುಗಳನ್ನು ಎಣಿಸುತ್ತಾರೆ.

ಹಕ್ಕಿಗಳು ಹೇಳಿದ ಪಾಠ

ಸ್ಕಾಟ್ಲೆಂಡಿನ ಉತ್ತರಕ್ಕೆ ಶೆಟ್ಲೆಂಡ್ ದ್ವೀಪಗಳಿವೆ. 1980ರ ದಶಕದ ನಡುವಿನಿಂದ ಅಲ್ಲಿ ಆರ್ಕ್ಟಿಕ್ ಟರ್ನ್ ಹಕ್ಕಿಗಳು ವರ್ಷದ ಮೇಲೆ ವರ್ಷ ಮೊಟ್ಟೆ ಇಟ್ಟವು, ಮರಿಗಳು ಮಾತ್ರ ಬದುಕಲಿಲ್ಲ. ಆ ಹೊತ್ತಿಗೆ ಅಲ್ಲಿ ಸ್ಯಾಂಡ್ ಈಲ್ ಮೀನುಗಾರಿಕೆಯೂ ನಡೆಯುತ್ತಿತ್ತು. 1990ರ ದಶಕದ ಆರಂಭದಲ್ಲಿ ಅದನ್ನು ನಿಲ್ಲಿಸಲಾಯಿತು. ಎಲ್ಲ ತಪ್ಪೂ ಬಲೆಯದ್ದೇ ಎಂದು ಹೇಳುವುದು ಸುಲಭವಾಗಿತ್ತು. ಆದರೆ ಅಧ್ಯಯನ ಮಾಡಿದವರು ಇನ್ನೊಂದು ಕಾರಣವನ್ನೂ ಮುಂದಿಟ್ಟರು: ಪ್ರವಾಹದಲ್ಲಿ ತೇಲಿ ಶೆಟ್ಲೆಂಡಿಗೆ ಬರಬೇಕಾದ ಮರಿ ಮೀನುಗಳೇ ಆ ವರ್ಷಗಳಲ್ಲಿ ಸರಿಯಾಗಿ ಬರಲಿಲ್ಲ.

ಇನ್ನೊಂದು ಪ್ರಕರಣ ಸ್ಕಾಟ್ಲೆಂಡಿನ ಪೂರ್ವ ತೀರದ್ದು. ಫರ್ತ್ ಆಫ್ ಫೋರ್ತ್ ಎಂಬ ಅಳಿವೆಯ ಬಾಯಲ್ಲಿ ಐಲ್ ಆಫ್ ಮೇ ಎಂಬ ಪುಟ್ಟ ದ್ವೀಪವಿದೆ. ಹಕ್ಕಿಗಳ ಬಗ್ಗೆ ಜಗತ್ತಿನಲ್ಲಿ ಬಹಳ ದೀರ್ಘಕಾಲ ಅಧ್ಯಯನ ನಡೆದ ಜಾಗಗಳಲ್ಲಿ ಅದೂ ಒಂದು. 1990ರ ದಶಕದಲ್ಲಿ ಹತ್ತಿರದ ದಿಬ್ಬಗಳಲ್ಲಿ ಸ್ಯಾಂಡ್ ಈಲ್ ಹಿಡಿಯುತ್ತಿದ್ದರು, ಕಿಟಿವೇಕ್ ಮರಿಗಳ ಸಂಖ್ಯೆ ಕುಸಿಯಿತು. 2000ದಲ್ಲಿ ಆ ಪ್ರದೇಶವನ್ನು ಮೀನುಗಾರಿಕೆಗೆ ಮುಚ್ಚಿದ ಮೇಲೆ ಕಿಟಿವೇಕ್‌ಗಳ ಸ್ಥಿತಿ ಸುಧಾರಿಸಿತು. ಆಳಕ್ಕೆ ಮುಳುಗುವ ಹಕ್ಕಿಗಳಲ್ಲಿ ಅಂಥ ಸ್ಪಷ್ಟ ಬದಲಾವಣೆ ಕಾಣಲಿಲ್ಲ. ಜೊತೆಗೆ, ಚಳಿಗಾಲದಲ್ಲಿ ಕಡಲು ಬೆಚ್ಚಗಿದ್ದ ವರ್ಷಗಳ ನಂತರ ಕಿಟಿವೇಕ್ ಮರಿಗಳು ಕಡಿಮೆಯಾಗುತ್ತವೆ ಎಂಬುದೂ ಅದೇ ಅಧ್ಯಯನಗಳಲ್ಲಿ ತಿಳಿದುಬಂತು.

ಈ ಎರಡು ಪ್ರಕರಣಗಳನ್ನು ಒಟ್ಟಿಗೆ ಇಟ್ಟು ಓದಿರಿ ಎಂದು ನಾನು ಹೇಳುತ್ತೇನೆ. ಎರಡು ಘಟನೆಗಳು ಒಟ್ಟಿಗೆ ನಡೆದರೆ ಒಂದು ಇನ್ನೊಂದಕ್ಕೆ ಕಾರಣ ಎಂದು ತಕ್ಷಣ ಹೇಳಲಾಗದು. ಬಲೆಯೂ ಇರಬಹುದು, ನೀರಿನ ಉಷ್ಣತೆಯೂ ಇರಬಹುದು, ಎರಡೂ ಸೇರಿರಬಹುದು. ಎಲ್ಲಿ ಮೀನುಗಾರಿಕೆ ನಿಲ್ಲಿಸಿ ನೋಡಿದರೋ ಅಲ್ಲಿ ಉತ್ತರ ಸ್ವಲ್ಪ ಸ್ಪಷ್ಟವಾಯಿತು. ಪ್ರಯೋಗದಲ್ಲಿ ‘ಕಂಟ್ರೋಲ್’ ಯಾಕೆ ಬೇಕು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತಿಳಿದಿಲ್ಲ.

2011ರಲ್ಲಿ ಫಿಲಿಪ್ ಕ್ಯೂರಿ ಮತ್ತು ಸಂಗಡಿಗರು ‘ಸೈನ್ಸ್’ ಪತ್ರಿಕೆಯಲ್ಲಿ ಇನ್ನೂ ವಿಸ್ತಾರವಾದ ಲೆಕ್ಕ ಪ್ರಕಟಿಸಿದರು. ಜಗತ್ತಿನ 7 ಕಡಲ ಪರಿಸರ ವ್ಯವಸ್ಥೆಗಳ 14 ಜಾತಿಯ ಹಕ್ಕಿಗಳನ್ನು ಅವರು ಪರಿಶೀಲಿಸಿದ್ದರು. ಮೇವು ಮೀನಿನ ಪ್ರಮಾಣ ಅದರ ಗರಿಷ್ಠ ಮಟ್ಟದ ಮೂರನೇ ಒಂದು ಭಾಗಕ್ಕಿಂತ ಕೆಳಗೆ ಇಳಿದರೆ ಹಕ್ಕಿಗಳ ಸಂತಾನ ಕುಸಿಯತೊಡಗುತ್ತದೆ ಎಂಬುದು ಅವರ ತೀರ್ಮಾನ. ಬೇರೆ ಬೇರೆ ಕಡಲು, ಬೇರೆ ಬೇರೆ ಹಕ್ಕಿ, ಉತ್ತರ ಮಾತ್ರ ಹೆಚ್ಚುಕಡಿಮೆ ಒಂದೇ: ಮೂರರಲ್ಲಿ ಒಂದು ಪಾಲು ಹಕ್ಕಿಗೆ ಬಿಡಬೇಕು.

ಬಲೆ, ಹಿಟ್ಟು ಮತ್ತು ನ್ಯಾಯ

ಮನುಷ್ಯರು ಹೆಚ್ಚಾಗಿ ತಿನ್ನದ ಮೀನನ್ನು ಹಿಡಿಯುವುದು ಯಾಕೆ? ಹಿಟ್ಟಿಗಾಗಿ ಮತ್ತು ಎಣ್ಣೆಗಾಗಿ. 1950ರ ದಶಕದಲ್ಲಿ ಉತ್ತರ ಸಮುದ್ರದಲ್ಲಿ ಈ ಮೀನುಗಾರಿಕೆ ಬೆಳೆಯತೊಡಗಿತು. ಡೆನ್ಮಾರ್ಕ್ ಅದರಲ್ಲಿ ಮುಂದಿತ್ತು. ಸಣ್ಣ ಕಣ್ಣಿನ ಟ್ರಾಲ್ ಬಲೆಯಿಂದ ಹಿಡಿದ ಮೀನನ್ನು ಕಾರ್ಖಾನೆಗೆ ಕೊಟ್ಟರೆ ಅದು ಹಂದಿ, ಕೋಳಿ ಮತ್ತು ಸಾಕಿದ ಸಾಲ್ಮನ್ ಮೀನಿನ ಆಹಾರವಾಗುತ್ತಿತ್ತು. 1997ರಲ್ಲಿ ಹಿಡಿದ ಪ್ರಮಾಣ 10 ಲಕ್ಷ ಟನ್ ದಾಟಿತು. ಆ ಕಾಲದಲ್ಲಿ ಉತ್ತರ ಸಮುದ್ರದಲ್ಲಿ ಒಂದೇ ಬಗೆಯ ಮೀನಿನ ಮೇಲೆ ನಿಂತ ಅತಿ ದೊಡ್ಡ ಮೀನುಗಾರಿಕೆ ಅದೇ ಆಗಿತ್ತು. 2003ರಲ್ಲಿ ಹಿಡಿತ ಒಮ್ಮೆಗೇ ಹಿಂದಿನ ವರ್ಷದ ಅರ್ಧಕ್ಕಿಂತ ಕೆಳಗೆ ಕುಸಿಯಿತು.

ಆ ಮೇಲೆ ನಿಯಂತ್ರಣ ಬಿಗಿಯಾಯಿತು. ಪ್ರತಿ ಚಳಿಗಾಲದಲ್ಲಿ, ಮೀನು ಮರಳಿನಲ್ಲಿ ಮಲಗಿರುವಾಗ, ತಳವನ್ನು ಕೆರೆಯುವ ಒಂದು ಬುಟ್ಟಿಯಂಥ ಸಾಧನವನ್ನು ಎಳೆದು ಎಷ್ಟು ಮೀನು ಇದೆ ಎಂದು ಸಂಶೋಧಕರು ಅಂದಾಜು ಮಾಡುತ್ತಾರೆ. ಅದರ ಮೇಲೆ ಮುಂದಿನ ವರ್ಷ ಎಷ್ಟು ಹಿಡಿಯಬಹುದೆಂಬ ಸಲಹೆ ಕೊಡಲಾಗುತ್ತದೆ.

2024ರ ಮಾರ್ಚ್ 26ರಂದು ಬ್ರಿಟನ್ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಉತ್ತರ ಸಮುದ್ರದ ಇಂಗ್ಲಿಷ್ ಭಾಗದಲ್ಲಿಯೂ ಸ್ಕಾಟ್ಲೆಂಡಿನ ಎಲ್ಲ ಕಡಲಿನಲ್ಲಿಯೂ ಸ್ಯಾಂಡ್ ಈಲ್ ಹಿಡಿಯುವುದನ್ನು ನಿಷೇಧಿಸಿತು. ಕಡಲ ಹಕ್ಕಿಗಳನ್ನೂ ದೊಡ್ಡ ಮೀನುಗಳನ್ನೂ ಉಳಿಸುವುದು ಉದ್ದೇಶ ಎಂದಿತು. ಐರೋಪ್ಯ ಒಕ್ಕೂಟ ಇದನ್ನು ಒಪ್ಪಲಿಲ್ಲ. ಒಪ್ಪಂದದ ಪ್ರಕಾರ ಆ ನೀರಿನಲ್ಲಿ ಮೀನು ಹಿಡಿಯುವ ಹಕ್ಕು ತನ್ನ ದೋಣಿಗಳಿಗಿದೆ ಎಂದು ವಾದಿಸಿತು. ವಿವಾದ ಹೇಗ್ ನಗರದ ಶಾಶ್ವತ ಮಧ್ಯಸ್ಥಿಕೆ ನ್ಯಾಯಾಲಯದ ನೆರವಿನಲ್ಲಿ ರಚನೆಯಾದ ಮಂಡಳಿಗೆ ಹೋಯಿತು. 2025ರಲ್ಲಿ ತೀರ್ಪು ಬಂತು. ನಿಷೇಧಕ್ಕೆ ವೈಜ್ಞಾನಿಕ ಆಧಾರವಿದೆ ಎಂಬುದನ್ನು ಮಂಡಳಿ ಒಪ್ಪಿತು. ಸ್ಕಾಟ್ಲೆಂಡಿನ ನಿಷೇಧವನ್ನು ಎತ್ತಿಹಿಡಿಯಿತು. ಆದರೆ ಇಂಗ್ಲಿಷ್ ನೀರಿನ ನಿಷೇಧವನ್ನು ನಿರ್ಧರಿಸುವಾಗ ಒಕ್ಕೂಟದ ಹಕ್ಕುಗಳಿಗೆ ಆಗುವ ನಷ್ಟವನ್ನು ಸರಿಯಾಗಿ ತೂಗಿ ನೋಡಿರಲಿಲ್ಲ ಎಂದಿತು.

ಈ ತೀರ್ಪಿನಲ್ಲಿ ನನಗೆ ಹಿಡಿಸಿದ್ದು ತಕ್ಕಡಿಯ ಎರಡೂ ತಟ್ಟೆಗಳನ್ನು ನೋಡಿದ ರೀತಿ. ಒಂದು ಕಡೆ ಬಾಯಿಲ್ಲದ ಹಕ್ಕಿ, ಇನ್ನೊಂದು ಕಡೆ ಡೆನ್ಮಾರ್ಕಿನ ಯಾವುದೋ ಬಂದರಿನ ಮೀನುಗಾರನ ಮನೆ. ಹಕ್ಕಿಯ ಪಾಲು ಉಳಿಸಲೇಬೇಕು. ಉಳಿಸುವಾಗ ಮೀನುಗಾರನ ನಷ್ಟವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ನಾಳೆ ನಿಮ್ಮಲ್ಲಿ ಯಾರಾದರೂ ಅಧಿಕಾರಿಯಾದರೆ ಈ ಮಾತು ನೆನಪಿರಲಿ.

ಬಿಸಿಯಾಗುತ್ತಿರುವ ಕಡಲು

ಬಲೆಯನ್ನು ಕಾನೂನಿನಿಂದ ತಡೆಯಬಹುದು, ಉಷ್ಣತೆಯನ್ನು ಹಾಗೆ ತಡೆಯಲಾಗುವುದಿಲ್ಲ. ಉತ್ತರ ಸಮುದ್ರ ಬೆಚ್ಚಗಾಗುತ್ತಿದ್ದಂತೆ ತಂಪು ನೀರಿನ ಕೊಬ್ಬಿನ ಕ್ಯಾಲನಸ್ ಕಡಿಮೆಯಾಗಿ ದಕ್ಷಿಣದ ಇನ್ನೊಂದು ಜಾತಿಯ ಕ್ಯಾಲನಸ್ ಹೆಚ್ಚಾಗಿದೆ. ಅದು ಹೇರಳವಾಗುವ ಕಾಲವೂ ಬೇರೆ. ಮೀನು ಹಸಿದು ಮೇಲೇಳುವ ತಿಂಗಳಿಗೆ ಊಟ ಸಿದ್ಧವಿರುವುದಿಲ್ಲ. ಐಲ್ ಆಫ್ ಮೇ ದ್ವೀಪದಲ್ಲಿ ಹಕ್ಕಿಗಳು ಮರಿಗೆ ತರುವ ಸ್ಯಾಂಡ್ ಈಲ್‌ಗಳನ್ನು 1970ರ ದಶಕದಿಂದ ಅಳೆಯುತ್ತ ಬಂದಿದ್ದಾರೆ. ಅವುಗಳ ಉದ್ದ ಕಡಿಮೆಯಾಗುತ್ತ ಬಂದಿದೆ. 2004ರಲ್ಲಿ ಅಲ್ಲಿನ ಹಕ್ಕಿಗಳ ಸಂತಾನ ದೊಡ್ಡ ಪ್ರಮಾಣದಲ್ಲಿ ವಿಫಲವಾದಾಗ ಪರೀಕ್ಷಿಸಿ ನೋಡಿದರೆ ಮೀನಿನ ಮೈಯಲ್ಲಿ ಶಕ್ತಿಯೇ ಬಹಳ ಕಡಿಮೆಯಿತ್ತು. ಮೀನು ಸಿಕ್ಕರೂ ಮರಿಗೆ ಸಾಲಲಿಲ್ಲ.

ಬೇರೆ ಮೀನುಗಳು ಬಿಸಿ ತಾಳದಿದ್ದರೆ ಉತ್ತರಕ್ಕೆ ಹೋಗಬಹುದು. ಸ್ಯಾಂಡ್ ಈಲ್ ತನ್ನ ಮರಳಿಗೆ ಕಟ್ಟಿಬಿದ್ದಿದೆ. ನೀರು ತಂಪಾಗಿರುವಲ್ಲಿ ಅದಕ್ಕೆ ತಕ್ಕ ಮರಳು ಇರಲೇಬೇಕೆಂದಿಲ್ಲ. ಯಾವ ಗುಣ ಅದನ್ನು ಶತ್ರುಗಳಿಂದ ಉಳಿಸಿತೋ ಅದೇ ಗುಣ ಈಗ ಅದರ ಕಾಲಿಗೆ ಸಂಕೋಲೆಯಾಗಿದೆ.

ಗಾಳಿಯಲ್ಲಿ ಹೆಚ್ಚಿದ ಇಂಗಾಲದ ಡೈಆಕ್ಸೈಡ್ ಕಡಲಿನಲ್ಲಿ ಕರಗಿ ನೀರನ್ನು ಹೆಚ್ಚು ಆಮ್ಲೀಯವಾಗಿಸುತ್ತದೆ ಎಂಬುದು ನಿಮಗೆ ಗೊತ್ತು. ಅಮೆರಿಕದ ಕನೆಕ್ಟಿಕಟ್ ವಿಶ್ವವಿದ್ಯಾಲಯದ ಸಂಶೋಧಕರು ಸ್ಟೆಲ್ವೇಗನ್ ಬ್ಯಾಂಕಿನ ಸ್ಯಾಂಡ್ ಲ್ಯಾನ್ಸ್ ಮೊಟ್ಟೆಗಳನ್ನು ಅಂಥ ನೀರಿನಲ್ಲಿ ಬೆಳೆಸಿ ನೋಡಿದರು. ಮೊಟ್ಟೆಯೊಡೆದು ಹೊರಬಂದ ಮರಿಗಳ ಸಂಖ್ಯೆ ತೀವ್ರವಾಗಿ ಇಳಿಯಿತು. ಅನೇಕ ಭ್ರೂಣಗಳು ಪೂರ್ಣ ಬೆಳೆದೂ ಹೊರಬರಲಾಗದೆ ಒಳಗೇ ಸತ್ತವು.

ನಮ್ಮ ಕರಾವಳಿಗೆ ಏನು ಸಂಬಂಧ?

ಮರಳಿಗೆ ನುಗ್ಗುವ ಮೀನು ನಮಗೆ ಹೊಸದಲ್ಲ. ನಾವು ಇಷ್ಟಪಟ್ಟು ತಿನ್ನುವ ಕಾಣೆ ಮೀನು, ಹೋಟೆಲಿನಲ್ಲಿ ಲೇಡಿಫಿಶ್ ಎನ್ನುವುದು, ಹೆದರಿದರೆ ಮರಳಿನಲ್ಲಿ ಹುದುಗಿಕೊಳ್ಳುತ್ತದೆ. ಆದರೆ ಸ್ಯಾಂಡ್ ಈಲ್ ಅಲ್ಲಿ ಮಾಡುವ ಕೆಲಸವನ್ನು ನಮ್ಮ ಕಡಲಿನಲ್ಲಿ ಮಾಡುವುದು ಕಾಣೆಗಿಂತ ಹೆಚ್ಚಾಗಿ ಬೂತಾಯಿ. ಮಳೆಗಾಲದಲ್ಲಿ ತಳದ ಪೋಷಕಾಂಶಗಳು ಮೇಲೆ ಬಂದು ಸಸ್ಯಪ್ಲವಕ ಹೆಚ್ಚಿದಾಗ ಅದನ್ನು ಮೇಯ್ದು ಬೂತಾಯಿ ಕೊಬ್ಬುತ್ತದೆ. ಅಂಜಲ್, ಕೇದರದಂಥ ದೊಡ್ಡ ಮೀನುಗಳಿಗೂ ಡಾಲ್ಫಿನ್‌ಗೂ ಹಕ್ಕಿಗೂ ನಮಗೂ ಅದೇ ಆಹಾರ. ಮೀನಿನ ಹಿಟ್ಟಿನ ಕಾರ್ಖಾನೆಗೆ ಹೋಗುವುದೂ ಅದೇ.

ಬೂತಾಯಿಯ ಏರಿಳಿತ ಎಷ್ಟು ತೀವ್ರ ಎಂಬುದಕ್ಕೆ ನೆರೆಯ ಕೇರಳವನ್ನು ನೋಡಿ. ಅಲ್ಲಿ 2012ರಲ್ಲಿ ಸುಮಾರು 3.9 ಲಕ್ಷ ಟನ್ ಸಿಕ್ಕಿದ್ದ ಈ ಮೀನು 2021ರಲ್ಲಿ ಸುಮಾರು 3,300 ಟನ್‌ಗೆ ಇಳಿಯಿತು. ಇಲ್ಲಿಯೂ ಬಲೆ ಮತ್ತು ಹವಾಮಾನ ಎರಡರ ಪಾಲನ್ನೂ ಬಿಡಿಸಿ ನೋಡುವ ಕೆಲಸ ವಿಜ್ಞಾನಿಗಳ ಮುಂದಿದೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ನಮ್ಮ ಯಾಂತ್ರಿಕ ದೋಣಿಗಳು ದಡದಲ್ಲಿ ನಿಲ್ಲುವುದು ಮೀನಿಗೆ ಸ್ವಲ್ಪ ಉಸಿರಾಡಲು ಬಿಡುವ ಏರ್ಪಾಡು. ಆ ಎರಡು ತಿಂಗಳ ಬಿಗಿಯನ್ನು ಮನೆಯಲ್ಲಿ ಅನುಭವಿಸಿದ ಮಕ್ಕಳು ನಮ್ಮ ತರಗತಿಯಲ್ಲೇ ಇದ್ದಾರೆ. ಹಾಗಾಗಿ ಹೇಗ್‌ನ ತಕ್ಕಡಿ ನಮಗೆ ದೂರದ್ದಲ್ಲ.

ನಿಮಗಾಗಿ ಕೆಲವು ಪ್ರಶ್ನೆಗಳು

1. ಗಾಳಿ ಚೀಲವಿಲ್ಲದಿರುವುದು ಸ್ಯಾಂಡ್ ಈಲ್‌ಗೆ ಒಂದು ಕೊರತೆಯೋ ಹೊಂದಾಣಿಕೆಯೋ? ಕಾರಣ ಸಹಿತ ಬರೆಯಿರಿ.

2. ಕಡಲಿನಿಂದ ಮರಳು ತೆಗೆದರೆ, ಅಥವಾ ಅಲ್ಲಿ ಹೂಳು ಹೆಚ್ಚಾದರೆ, ಈ ಮೀನಿಗೆ ಏನಾಗುತ್ತದೆ? ಅದನ್ನು ನಂಬಿದ ಜೀವಿಗಳಿಗೆ ಏನಾಗುತ್ತದೆ?

3. ಬೂತಾಯಿಯನ್ನು ನಡುವಿನಲ್ಲಿಟ್ಟು ನಮ್ಮ ಕಡಲಿನ ಆಹಾರ ಜಾಲವನ್ನು ಬಿಡಿಸಿ. ಕನಿಷ್ಠ 8 ಜೀವಿಗಳು ಇರಲಿ.

4. ಮನೆಯಲ್ಲಿ ಅಥವಾ ನೆರೆಯಲ್ಲಿ ಮೀನುಗಾರಿಕೆ ತಿಳಿದ ಹಿರಿಯರಿದ್ದರೆ ಅವರ ಹತ್ತಿರ ಕುಳಿತು ಕೇಳಿ: ಹಿಂದೆ ಯಾವ ತಿಂಗಳಲ್ಲಿ ಯಾವ ಮೀನು ಬರುತ್ತಿತ್ತು, ಈಗ ಯಾವಾಗ ಬರುತ್ತದೆ? ಅವರು ಹೇಳಿದ್ದನ್ನು ಹಾಗೆಯೇ ಬರೆದುಕೊಳ್ಳಿ.

ಉತ್ತರಗಳನ್ನು ಜೀವಶಾಸ್ತ್ರ ವಿಭಾಗಕ್ಕೆ ತಂದುಕೊಡಿ. ನಾಲ್ಕನೆಯ ಪ್ರಶ್ನೆಗೆ ಪಠ್ಯಪುಸ್ತಕದಲ್ಲಿ ಉತ್ತರವಿಲ್ಲ. ಅದನ್ನು ಬರೆದು ತರುವವರಿಂದ ನಾನೇ ಪಾಠ ಕಲಿಯಬೇಕಾಗಿದೆ.